‘ಮಲಗ್ಲಿ ಬಿಡ್ರಿ’ ಅನ್ನುವ ಮೊದಲು: ಮಂಪರಿನ ಔಷಧಿ ಕುಡಿದ ಮಗು ಮನೆಗೆ ಬರುವಾಗ

ಎರಡೂವರೆ ವರ್ಷದ ಹುಡುಗ. ಬೆಳಗಾವಿಯಲ್ಲಿ ಎಂಆರ್‌ಐ ಸ್ಕ್ಯಾನ್. ಅಲುಗಾಡದೆ ಮಲಗಲೆಂದು ಟ್ರೈಕ್ಲೋಫಾಸ್ ಸಿರಪ್ ಕುಡಿಸಿದರು, ಅದು ಸಾಲದ್ದಕ್ಕೆ ಮೇಲೊಂದಿಷ್ಟು ಮಿಡಜೋಲಾಮ್. ಸ್ಕ್ಯಾನ್ ಮುಗಿದು ಕೈಯ ಸೂಜಿ ಕೀಳುವಾಗ ಹುಡುಗ ಕಣ್ಣುಬಿಟ್ಟು ಅತ್ತ. ‘ಎಚ್ಚರ ಆಗ್ಯಾನ, ಕರಕೊಂಡು ಹೋಗ್ರಿ’ ಅಂದರು. ಅರ್ಧ ತಾಸಿನಲ್ಲಿ ಲೋಕಾಪುರದ ಬಸ್ಸು, ಅವ್ವನ ತೊಡೆ, ಗಾಳಿ ತಾಗದಂತೆ ಮುಖದವರೆಗೆ ಚಾದರ. ನೇಸರಗಿ ದಾಟಿದ ಮೇಲೆ ಗೊರಕೆ ಶುರುವಾಯಿತು. ‘ಮುಂಜಾನಿಂದ ಉಪಾಸ ಅದಾನ, ದಣದಾನ, ಮಲಗ್ಲಿ ಬಿಡ್ರಿ’ ಅಂದರು ಪಕ್ಕದವರು. ಯರಗಟ್ಟಿ ಹತ್ತಿರವಾದಾಗ ಗೊರಕೆ ನಿಂತಿತು. ಅಂತೂ ಗಾಢ ನಿದ್ದೆ ಬಂತು ಎಂದುಕೊಂಡರು. ಹಿಂದಿನ ಸೀಟಿನ ಹೆಣ್ಣುಮಗಳೊಬ್ಬಳು ಚಾದರ ಸರಿಸಿ ನೋಡಿದರೆ ತುಟಿ ನೀಲಿ. ಒಬ್ಬರು ಮುಖಕ್ಕೆ ನೀರು ಹೊಡೆದರು, ಇನ್ನೊಬ್ಬರು ಉಳ್ಳಾಗಡ್ಡಿ ಹುಡುಕಿದರು. ಸೀಟಿನ ಮೇಲೆ ಉದ್ದಕ್ಕೆ ಮಲಗಿಸುವಾಗ ಕುತ್ತಿಗೆ ತಾನಾಗಿ ನೆಟ್ಟಗಾಯಿತು, ಉಸಿರು ಬಂತು. ಹುಡುಗ ಉಳಿದ.

ಔಷಧಿಯ ಅಳತೆ ತಪ್ಪದೆಯೂ ಇಂಥದ್ದು ಆಗುತ್ತದೆ. ಕಣ್ಣುಬಿಟ್ಟದ್ದು ಬೇರೆ, ಔಷಧಿ ಇಳಿದದ್ದು ಬೇರೆ. ಟ್ರೈಕ್ಲೋಫಾಸ್ ಹೊಟ್ಟೆಗೆ ಹೋದ ಮೇಲೆ ಟ್ರೈಕ್ಲೋರೋಎಥನಾಲ್ ಆಗಿ ಕೆಲಸ ಮಾಡುತ್ತದೆ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 8ರಿಂದ 12 ತಾಸು ಬೇಕು. ಹಸುಗೂಸಿನಲ್ಲಿ ಇನ್ನೂ ಹೆಚ್ಚು. ಸೂಜಿಯ ನೋವು, ಯಂತ್ರದ ಸದ್ದು, ಜನರ ಗದ್ದಲ ಇರುವಷ್ಟು ಹೊತ್ತು ಮಗು ಎಚ್ಚರ ಕಾಣುತ್ತದೆ. ಬಸ್ಸಿನ ತೂಗಾಟ ಸಿಕ್ಕಿದ ಕೂಡಲೇ ಉಳಿದ ಔಷಧಿ ಮಗುವನ್ನು ಮತ್ತೆ ಮಂಪರಿಗೆ ಎಳೆದುಕೊಳ್ಳುತ್ತದೆ. ಚಿಕ್ಕ ಮಕ್ಕಳ ತಲೆ ಮೈಯ ಅಳತೆಗೆ ದೊಡ್ಡದು, ನಾಲಿಗೆಯೂ ಬಾಯಿಯ ಅಳತೆಗೆ ದಪ್ಪ. ಕೂತಲ್ಲೇ ತೂಕಡಿಸಿ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಆಗ ಬರುವ ಗೊರಕೆ ಸುಖನಿದ್ದೆಯದಲ್ಲ, ಅರ್ಧ ಮುಚ್ಚಿದ ದಾರಿಯದು. ಸದ್ದು ನಿಂತಿತೆಂದರೆ ಒಂದೋ ದಾರಿ ತೆರೆದಿದೆ, ಇಲ್ಲವೇ ಪೂರ್ತಿ ಮುಚ್ಚಿದೆ. ಯಾವುದು ಎಂದು ತಿಳಿಯಲು ಎದೆ ಏಳುವುದನ್ನು ನೋಡಬೇಕು.

ಆದ್ದರಿಂದ ಬಿಡುಗಡೆಗೆ ಅವಸರ ಬೇಡ. ಗದ್ದಲವಿಲ್ಲದ ಮೂಲೆಯಲ್ಲಿ, ಯಾರೂ ಮುಟ್ಟದೆ, ಮಾತಾಡಿಸದೆ ಮಗು 20 ನಿಮಿಷ ತಾನಾಗಿ ಎಚ್ಚರವಿರುತ್ತದೆಯೇ ನೋಡಿ. ಇಲ್ಲದಿದ್ದರೆ ‘ಇನ್ನೂ ಸ್ವಲ್ಪ ಕೂಡ್ತೀವ್ರಿ’ ಎಂದು ಹೇಳಿ. ಹಾಸಿಗೆ ಖಾಲಿ ಮಾಡಿ ಎಂದರೂ ಏಳಬೇಡಿ. ಮಿಡಜೋಲಾಮ್ ಇಳಿಸಲು ಫ್ಲುಮಜೆನಿಲ್ ಚುಚ್ಚಿದ್ದರೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು, ಏಕೆಂದರೆ ಪ್ರತಿಮದ್ದು ಬೇಗ ಮುಗಿದು ಮಂಪರು ಮರಳಿ ಬರಬಹುದು. ಟ್ರೈಕ್ಲೋಫಾಸ್‌ಗಂತೂ ಅಂಥ ನೇರ ಪ್ರತಿಮದ್ದೇ ಇಲ್ಲ. ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಕೊಟ್ಟರು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ದಿನವೂ ಗೊರಕೆ ಹೊಡೆಯುವ, ಗಂಟಲ ಗಡ್ಡೆ (ಟಾನ್ಸಿಲ್) ಬೆಳೆದ, ನೆಗಡಿಯಾದ ಅಥವಾ ದಿನ ತುಂಬದೆ ಹುಟ್ಟಿದ ಮಗುವಾದರೆ ಅದನ್ನು ಔಷಧಿ ಕೊಡುವ ಮೊದಲೇ ಹೇಳಿ.

ದಾರಿಗೆ ಇಬ್ಬರು ದೊಡ್ಡವರು ಬೇಕು. ಗಾಡಿ ಓಡಿಸುವವರು ಓಡಿಸಲಿ, ಇನ್ನೊಬ್ಬರಿಗೆ ಮಗುವಿನ ಮುಖ ನೋಡುವುದೊಂದೇ ಕೆಲಸ. ಬೈಕಿನ ಮೇಲೆ ಇಬ್ಬರ ನಡುವೆ ಸಿಕ್ಕಿಸಿಕೊಂಡು ಹೋಗುವುದು ಬೇಡವೇ ಬೇಡ. ಅಥಣಿ, ಮುಧೋಳದಷ್ಟು ದೂರದವರು ಸಂಜೆತನಕ ಬೆಳಗಾವಿಯಲ್ಲೇ ನೆಂಟರ ಮನೆಯಲ್ಲಿ ಉಳಿದರೆ ಏನೂ ಕೆಡುವುದಿಲ್ಲ. ಚಾದರ ಎದೆಯವರೆಗೆ ಸಾಕು, ಗದ್ದ ಎದೆಯಿಂದ ಮೇಲಿರಲಿ.

ಮನೆಯಲ್ಲಿ ಸೀರೆಯ ಜೋಲಿ ಅವತ್ತಿಗೆ ಬಿಚ್ಚಿಡಿ. ಅದರೊಳಗೆ ಬೆನ್ನು ಬಾಗುತ್ತದೆ, ಗದ್ದ ಎದೆಗೆ ಒತ್ತುತ್ತದೆ, ಮುಖವೂ ಕಾಣುವುದಿಲ್ಲ. ಸಮತಟ್ಟಾದ ಹಾಸಿಗೆ, ದಿಂಬಿಲ್ಲ, ಒಂದು ಮಗ್ಗುಲಿಗೆ. ವಾಂತಿಯಾದರೂ ಹೊರಗೆ ಹರಿದುಹೋಗುತ್ತದೆ. ಮೊದಲ ಎರಡು ತಾಸು 15 ನಿಮಿಷಕ್ಕೊಮ್ಮೆ ಅಂಗಿ ಸರಿಸಿ ಎದೆ ನೋಡಿ, ಅರ್ಧ ತಾಸಿಗೊಮ್ಮೆ ಹೆಗಲು ತಟ್ಟಿ ಹೆಸರು ಹಿಡಿದು ಎಬ್ಬಿಸಿ. ಗೊಣಗಿ ಮಗ್ಗುಲು ಬದಲಿಸಿದರೆ ಸರಿ. ‘ಪಾಪ, ಯಾಕ ಎಬ್ಬಸ್ತೀರಿ’ ಎಂದು ಹಿರಿಯರು ಬೈಯುತ್ತಾರೆ. ಬೈಯಲಿ.

ಬೆಳಗಿನಿಂದ ಹಸಿದ ಕೂಸಿಗೆ ಬಸ್‌ಸ್ಟ್ಯಾಂಡಿನಲ್ಲೇ ಕುಂದಾ, ಬಿಸ್ಕಿಟ್ ತಿನ್ನಿಸುವ ಪ್ರೀತಿಯೂ ಅಪಾಯದ್ದೇ. ಅರೆನಿದ್ದೆಯಲ್ಲಿ ನುಂಗುವುದು ಹದ ತಪ್ಪಿ ತುತ್ತು ಶ್ವಾಸನಾಳಕ್ಕೆ ಇಳಿಯುತ್ತದೆ. ಪೂರ್ತಿ ಎಚ್ಚರವಾದ ಮೇಲೆ ಕೂರಿಸಿ ಎರಡು ಚಮಚ ನೀರು. 15 ನಿಮಿಷ ಕಾದು, ವಾಂತಿ ಇಲ್ಲದಿದ್ದರೆ ಗಂಜಿ. ರೊಟ್ಟಿ, ಎಣ್ಣೆಯದು ಮರುದಿನಕ್ಕೆ. ಎದೆಹಾಲು ಕುಡಿಯುವ ಕೂಸಿಗೂ ನಿದ್ದೆಯಲ್ಲಿ ಬಾಯಿಗಿಡಬೇಡಿ.

ನೆಗಡಿ, ಕೆಮ್ಮಿನ ಸಿರಪ್ ಅವತ್ತು ಮುಟ್ಟಬಾರದು. ಕ್ಲೋರ್‌ಫೆನಿರಮಿನ್, ಪ್ರೊಮೆಥಜಿನ್ ಇರುವವೆಲ್ಲ ಮಂಪರಿನ ಮೇಲೆ ಮಂಪರು ತರುತ್ತವೆ. ಮೂರ್ಛೆ ರೋಗದ ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ, ಡಾಕ್ಟರರನ್ನು ಕೇಳಿ.

ಇನ್ನೊಂದು ಎಡವಟ್ಟು ಮೆದುಳಿನ ಇಇಜಿ, ಕಿವಿಯ ಬೆರಾ ಪರೀಕ್ಷೆಗೆ ಹೋಗುವವರದು. ಸಿರಪ್ಪನ್ನು ಮನೆಯಲ್ಲೇ ಕುಡಿಸಿ ಹೊರಡುತ್ತಾರೆ. 5 ಎಂಎಲ್‌ನಲ್ಲಿ 500 ಮಿಲಿಗ್ರಾಂ ಇರುವ ಔಷಧಿಯನ್ನು ಊಟದ ದೊಡ್ಡ ಚಮಚದಲ್ಲಿ ಅಳೆದರೆ 15 ಎಂಎಲ್‌ವರೆಗೆ ಹೋಗುತ್ತದೆ. ನಿದ್ದೆ ಹತ್ತಲು ಅರ್ಧದಿಂದ ಮುಕ್ಕಾಲು ತಾಸು ಬೇಕು. ಅಷ್ಟರಲ್ಲಿ ‘ಹತ್ತಲಿಲ್ಲ’ ಎಂದು ಇನ್ನೊಂದು ಚಮಚ ಹಾಕುತ್ತಾರೆ. ಪರೀಕ್ಷೆಯ ಜಾಗದಲ್ಲೇ, ಅಲ್ಲಿಯವರ ಕೈಯಿಂದಲೇ ಕುಡಿಸಿ. ಉಗುಳಿದರೂ ಎಷ್ಟು ಉಗುಳಿತು ಎಂದು ಅವರೇ ತೀರ್ಮಾನಿಸಲಿ.

24 ತಾಸು ಕಾಲು ತೂರಾಡಬಹುದು. ಮಾಳಿಗೆ, ಮೆಟ್ಟಿಲು, ಸೈಕಲ್, ಒಬ್ಬನೇ ಸ್ನಾನ ಬೇಡ.

ತಟ್ಟಿದರೂ ಏಳದಿದ್ದರೆ, ತುಟಿ ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ, ಪಕ್ಕೆ ಒಳಗೆ ಸೆಳೆದರೆ, ಉಸಿರು ನಡುನಡುವೆ ನಿಂತರೆ 108. ಫೋನ್ ಸ್ಪೀಕರಿನಲ್ಲಿಟ್ಟು ಮಗುವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಹಣೆಯ ಮೇಲೆ ಒಂದು ಕೈ, ಗದ್ದದ ಎಲುಬಿನ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಮೇಲೆತ್ತಿ. ಬಹಳ ಸಲ ಇಷ್ಟಕ್ಕೇ ದಾರಿ ತೆರೆಯುತ್ತದೆ. 10 ಸೆಕೆಂಡು ನೋಡಿಯೂ ಎದೆ ಏಳದಿದ್ದರೆ ಬಾಯಿಂದ ಉಸಿರು ಕೊಡಬೇಕು, ಎದೆ ಒತ್ತಬೇಕು: 30 ಒತ್ತು, 2 ಉಸಿರು, 108ರವರು ಬರುವತನಕ. ನೀರು, ಉಳ್ಳಾಗಡ್ಡಿ ಹತ್ತಿರ ತರಬೇಡಿ.