ಬೆಳಕಿನ ಅಲಾರಂ ಗಡಿಯಾರ: ಬಾಗಲಕೋಟೆಯಲ್ಲಿ ಎರಡು ವರ್ಷ ಬಳಸಿದ ಮೇಲೆ

ಸೂರ್ಯ ಹುಟ್ಟುವ ಮೊದಲೇ ಏಳಬೇಕು, ಮಲಗುವ ಕೋಣೆಗೆ ಬೆಳಕು ಬರುವುದಿಲ್ಲ ಅನ್ನುವವರು ಈ ಗಡಿಯಾರವನ್ನು ಧೈರ್ಯವಾಗಿ ಕೊಳ್ಳಬಹುದು. ಬೇಸಿಗೆ ಪೂರ್ತಿ ಮಾಳಿಗೆ ಮೇಲೆ ಮಲಗುವವರು ಸ್ವಲ್ಪ ಯೋಚನೆ ಮಾಡಿ. ಎರಡು ವರ್ಷಕ್ಕೂ ಜಾಸ್ತಿ ದಿನದಿಂದ ಇದು ನನ್ನ ತಲೆದಿಂಬಿನ ಪಕ್ಕದಲ್ಲಿದೆ. ಅದರ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ. ಆನ್‌ಲೈನ್‌ನಲ್ಲಿ ಮೂರು ಸಾವಿರ ರೂಪಾಯಿ ಒಳಗೆ ಸಿಗುವ ಇಂಥ ಗಡಿಯಾರಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ.

ನೋಡಲು ಊಟದ ತಟ್ಟೆಯಷ್ಟು ಅಗಲದ ದುಂಡನೆಯ ದೀಪ, ನಡುವೆ ಸಮಯ. 6 ಗಂಟೆಗೆ ಅಲಾರಂ ಇಟ್ಟರೆ 5.30ಕ್ಕೆ ದೀಪ ಹತ್ತುತ್ತದೆ. ಮೊದಲು ಮಂದ ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ ಬೆರೆತ ಬಿಳಿ. ಸರಿಯಾಗಿ 6ಕ್ಕೆ ಸದ್ದು ಶುರುವಾಗುತ್ತದೆ. ಹಕ್ಕಿ ಕೂಗು, ಅಲೆಯ ಸದ್ದು, ಸಾದಾ ಬೀಪ್, ಎಫ್‌ಎಂ, ಯಾವುದು ಬೇಕೋ ಅದು.

ನಾನು ಸರ್ಕಾರಿ ನೌಕರ. ಮನೆ ಬಾಗಲಕೋಟೆಯ ನವನಗರದಲ್ಲಿ, ಕಚೇರಿ ಬಾದಾಮಿಯಲ್ಲಿ, ದಿನಾ ಬಸ್ಸು. ಕಚೇರಿ ಶುರುವಾಗುವುದು 10 ಗಂಟೆಗೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಸಲುವಾಗಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಕಲಬುರಗಿ ವಿಭಾಗಕ್ಕೂ ಸರ್ಕಾರ ಕಚೇರಿ ವೇಳೆ ಬದಲಿಸುತ್ತದೆ. ಆಗ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಮಾರ್ಚ್ 31ರವರೆಗೆ ಆರಾಮಾಗಿ ಏಳುತ್ತಿದ್ದ ಮೈ ಏಪ್ರಿಲ್ 1ಕ್ಕೆ ತಟ್ಟನೆ 5 ಗಂಟೆಗೆ ಏಳಬೇಕು ಅಂದರೆ ಹೇಗೆ ಏಳುತ್ತೆ? ಈ ಭಾಗದ ನೌಕರರಿಗೆಲ್ಲ ಈ ಸಂಕಟ ಗೊತ್ತು. ಮೊದಲ ವಾರ ಬಸ್ಸಿನಲ್ಲಿ ಅರ್ಧ ಜನ ನಿದ್ದೆ ಹೊಡೆಯುತ್ತಿರುತ್ತಾರೆ.

ಇದು ಸೋಮಾರಿತನ ಅಲ್ಲ. ದೇಹದೊಳಗೆ ಒಂದು ಗಡಿಯಾರ ಇದೆ. ಅದು ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಬಹಳ ಜನರಲ್ಲಿ ಈ ಒಳಗಿನ ಗಡಿಯಾರದ ಒಂದು ಸುತ್ತು 24 ತಾಸಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ತಡವಾಗಿ ಮಲಗುವುದು ಸಲೀಸು, ಬೇಗ ಏಳುವುದು ಕಷ್ಟ. ದಿನಾ ಅದನ್ನು ಸರಿಹೊಂದಿಸುವುದು ಮುಖ್ಯವಾಗಿ ಬೆಳಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಅದು ಬೇಗನೆ ಏಳುವ ಕಡೆಗೆ ಸರಿಯುತ್ತದೆ, ರಾತ್ರಿಯ ಜೋರು ಬೆಳಕು ತಡವಾಗಿ ಏಳುವ ಕಡೆಗೆ ತಳ್ಳುತ್ತದೆ.

ಆದರೆ ನಮ್ಮ ಕಡೆ ಬೆಳಕು ಬರುವುದೇ ತಡ. ದೇಶಕ್ಕೆಲ್ಲ ಒಂದೇ ಸಮಯ, ನಾವಿರುವುದು ಪಶ್ಚಿಮಕ್ಕೆ. ಜನವರಿ ನಡುವೆ ಇಲ್ಲಿ ಸೂರ್ಯ ಹುಟ್ಟುವಾಗ ಸುಮಾರು 7 ಗಂಟೆ. ಏಪ್ರಿಲ್ ಶುರುವಿಗೂ 6 ದಾಟಿರುತ್ತದೆ. 5 ಗಂಟೆಗೆ ಏಳುವವನಿಗೆ ಹೊರಗೆ ಕಗ್ಗತ್ತಲೆ. ಆ ಹೊತ್ತಿಗೆ ಈ ದೀಪ ನಿಜವಾಗಿ ಕೆಲಸಕ್ಕೆ ಬರುತ್ತದೆ.

ನಾನು ಬಳಸುವ ರೀತಿ ಹೀಗಿದೆ. ಮಾರ್ಚ್ ಶುರುವಿನಿಂದಲೇ ಮೂರು-ನಾಲ್ಕು ದಿನಕ್ಕೊಮ್ಮೆ ಅಲಾರಂ ಅನ್ನು 15 ನಿಮಿಷ ಮುಂಚೆ ಸರಿಸುತ್ತೇನೆ. ಮಲಗುವ ಹೊತ್ತನ್ನೂ ಅಷ್ಟೇ ಸರಿಸಬೇಕು, ಅದನ್ನು ಬಿಟ್ಟರೆ ಉಪಯೋಗ ಇಲ್ಲ. ತಿಂಗಳ ಕೊನೆಗೆ 5ಕ್ಕೆ ಬಂದು ನಿಲ್ಲುತ್ತದೆ. ಎರಡನೇ, ನಾಲ್ಕನೇ ಶನಿವಾರ ಮತ್ತು ಭಾನುವಾರ ರಜೆ ಅಂತ ಅಲಾರಂ ಬಂದ್ ಮಾಡುವುದಿಲ್ಲ. ಎರಡು ದಿನ 8ರವರೆಗೆ ಮಲಗಿದರೆ ಸೋಮವಾರ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಬೇಕಾದರೆ ಮಧ್ಯಾಹ್ನ ಊಟದ ಮೇಲೆ ಅರ್ಧ ತಾಸು ಮಲಗುತ್ತೇನೆ. ಬೇಸಿಗೆಯಲ್ಲಿ 1.30ಕ್ಕೆ ಕಚೇರಿ ಬಿಡುವುದರಿಂದ ಅದಕ್ಕೆ ಅವಕಾಶ ಸಿಗುತ್ತದೆ.

ಚಳಿಗಾಲದಲ್ಲಿ ಬಹಳ ದಿನ ಸದ್ದು ಬರುವ ಮೊದಲೇ ಎಚ್ಚರ ಆಗುತ್ತದೆ. ಮುಚ್ಚಿದ ರೆಪ್ಪೆಯೊಳಗೇ ಕೆಂಪಗೆ ಕಾಣಲು ಶುರುವಾಗುತ್ತದೆ. ಕಣ್ಣು ಬಿಟ್ಟರೆ ಸೊಳ್ಳೆಪರದೆಯ ಬಟ್ಟೆ ಪೂರ್ತಿ ಕಿತ್ತಳೆ ಬಣ್ಣ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಮೊಬೈಲ್ ಅಲಾರಂ ಬಡಿದಾಗ ಎದೆ ಧಸಕ್ ಅನ್ನುತ್ತಿತ್ತಲ್ಲ, ಅದು ಇಲ್ಲ. ಎದ್ದ ಮೇಲಿನ ಮಂಪರು ಎಲ್ಲರಿಗೂ ಇರುವಂಥದ್ದೇ, ಸಾಮಾನ್ಯವಾಗಿ 15ರಿಂದ 30 ನಿಮಿಷ. ದೀಪ ಇದ್ದ ದಿನ ಅದು ಬೇಗ ಇಳಿಯುತ್ತದೆ ಅನ್ನುವುದು ನನ್ನ ಅನುಭವ. "ಗಂಟಿ ಹೊಡಿಯೂ ಮೊದ್ಲ ಎದ್ದೀಯಲ್ಲೋ ತಮ್ಮಾ" ಅಂತ ಅವ್ವ ಮೊದಲ ಚಳಿಗಾಲದಲ್ಲಿ ಆಶ್ಚರ್ಯಪಟ್ಟಿದ್ದಳು. ಅವಳಿಗೆ ಯಾವ ಗಡಿಯಾರವೂ ಬೇಡ, 5ಕ್ಕೆ ಎದ್ದು ಒಲೆ ಹಚ್ಚುವುದು ಅವಳ ಜೀವನಪೂರ್ತಿಯ ರೂಢಿ.

ಈ ಗಡಿಯಾರದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗಿದ್ದು ಬೆಳಗಿನ ದೀಪವಲ್ಲ, ರಾತ್ರಿಯದು. ಸಂಜೆಗತ್ತಲು ಅಂತ ಒಂದು ಆಯ್ಕೆ ಇದೆ. ಬಟನ್ ಒತ್ತಿದರೆ ಅರ್ಧ ತಾಸಿನಲ್ಲಿ ಬೆಳಕು ನಿಧಾನಕ್ಕೆ ಕೆಂಪಾಗುತ್ತಾ ಪೂರ್ತಿ ಆರುತ್ತದೆ. ಬಹಳ ಜನ ಇದನ್ನು ಮುಟ್ಟಿಯೂ ನೋಡಿರುವುದಿಲ್ಲ. ಈಗ 9.30ಕ್ಕೆ ಟ್ಯೂಬ್‌ಲೈಟ್ ಆರಿಸಿ ಇದನ್ನು ಹಚ್ಚುತ್ತೇವೆ. ಮೊಬೈಲ್ ಹೊರಗಿನ ಕೋಣೆಯಲ್ಲಿ ಚಾರ್ಜಿಗೆ. ಆ ಕೆಂಪು ಬೆಳಕಿನಲ್ಲಿ ಓದಲು ಆಗುವುದಿಲ್ಲ, ಟಿವಿ ನೋಡಲು ಮನಸ್ಸಾಗುವುದಿಲ್ಲ. ಸುಮ್ನೆ ಎರಡು ಮಾತಾಡಿ ಮಲಗುವುದೊಂದೇ ಉಳಿಯುತ್ತದೆ. ದೊಡ್ಡವರಿಗೆ ಕಡಿಮೆ ಅಂದರೂ 7 ತಾಸು ನಿದ್ದೆ ಬೇಕು. 5ಕ್ಕೆ ಏಳಬೇಕು ಅಂದರೆ 10ಕ್ಕೆ ಕಣ್ಣು ಮುಚ್ಚಿರಬೇಕು, ಈ ಲೆಕ್ಕದಿಂದ ಯಾರಿಗೂ ಬಿಡುಗಡೆ ಇಲ್ಲ. ಚಹಾ ಕೂಡ 5 ಗಂಟೆಯ ಮೇಲೆ ಬಿಟ್ಟಿದ್ದೇನೆ. ಸಂಜೆ 6ಕ್ಕೆ ಕುಡಿದ ಕೆಫೀನ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಾತ್ರಿ 11ಕ್ಕೂ ಮೈಯಲ್ಲೇ ಇರುತ್ತದೆ.

ಇನ್ನು ತೊಂದರೆಗಳು.

ಮೊದಲನೆಯದು ಕರೆಂಟು. ಇದು ಅಡಾಪ್ಟರ್ ಮೇಲೆ ನಡೆಯುತ್ತದೆ. ಒಳಗೊಂದು ನಾಣ್ಯದಂಥ ಸೆಲ್ ಇದೆ, ಕರೆಂಟು ಹೋದರೂ ಸಮಯ ಮರೆಯುವುದಿಲ್ಲ. ಆದರೆ ದೀಪ ಹತ್ತುವುದಿಲ್ಲ, ಸದ್ದೂ ಬರುವುದಿಲ್ಲ. ಪವರ್‌ಬ್ಯಾಂಕಿಗೆ ಹಚ್ಚಿ ನೋಡಿದೆ. ಗಡಿಯಾರ ರಾತ್ರಿಯೆಲ್ಲ ಎಳೆಯುವ ಕರೆಂಟು ತೀರಾ ಕಡಿಮೆ. ಹಾಗಾಗಿ ಏನೂ ಹಚ್ಚಿಲ್ಲ ಅಂತ ತಿಳಿದು ಪವರ್‌ಬ್ಯಾಂಕ್ ತಾನೇ ಬಂದ್ ಆಗುತ್ತದೆ. ಇನ್ವರ್ಟರ್ ಲೈನಿನ ಪ್ಲಗ್‌ಗೆ ಹಚ್ಚುವುದೇ ಸರಿಯಾದ ದಾರಿ. ಇನ್ವರ್ಟರ್ ಇಲ್ಲದ ಮನೆಯಾದರೆ ಪಕ್ಕದಲ್ಲಿ ಸೆಲ್ ಹಾಕುವ ಸಾದಾ ಅಲಾರಂ ಗಡಿಯಾರ ಒಂದು ಇರಲಿ.

ಎರಡನೆಯದು ಮೇ ತಿಂಗಳು. ಕೋಣೆಯಲ್ಲಿ ಮಲಗಲು ಆಗುವುದಿಲ್ಲ, ಹಾಸಿಗೆ ಮಾಳಿಗೆಗೆ ಹೋಗುತ್ತದೆ. ರಾತ್ರಿಯೆಲ್ಲ ಸೆಕೆ, 4ರ ಹೊತ್ತಿಗೆ ತಂಪು ಗಾಳಿ ಬಂದು ಆಗ ಗಾಢ ನಿದ್ದೆ ಹತ್ತುತ್ತದೆ. ಏಳಲು ಅತಿ ಕಷ್ಟದ ಹೊತ್ತು ಅದೇ, ಗಡಿಯಾರ ಮಾತ್ರ ಕೆಳಗಿನ ಕೋಣೆಯಲ್ಲಿ. ಬಯಲಲ್ಲಿ ಇಟ್ಟರೂ ಆ ಬೆಳಕು ಸಾಲುವುದಿಲ್ಲ. ಅಲ್ಲಿ ನಾನು ನಂಬಿರುವುದು ತಲೆ ಮೇಲೆ ಎರಡು ಬೆಲ್ ಇರುವ ಹಳೇ ಅಲಾರಂ. ಕೈಗೆ ಸಿಗದಂತೆ ಮಾಳಿಗೆಯ ಮೂಲೆಯಲ್ಲಿ ಇಡುತ್ತೇನೆ.

ಮೂರನೆಯದು ಪಕ್ಕದಲ್ಲಿ ಮಲಗುವವರು. "ರೀ, ನಿಮ್ಮ ಸೂರ್ಯನ್ನ ಆ ಕಡೆ ಹೊಳ್ಳಿಸ್ರಿ" ಅಂತ ಮನೆಯವಳು ಹೇಳಿದ್ದು ನ್ಯಾಯವೇ. ನನ್ನ ಕಡೆಯ ಗೋಡೆಗೆ ಮೊಳೆ ಹೊಡೆದು ಸಣ್ಣ ಹಲಗೆ ಹಾಕಿ ಅದರ ಮೇಲೆ ಇಟ್ಟ ಮೇಲೆ ಅವಳ ನಿದ್ದೆ ಕೆಡುವುದು ಕಡಿಮೆ ಆಯಿತು. ಮುಖದಿಂದ ಒಂದೂವರೆ ಅಡಿ ದೂರದಲ್ಲಿ ಇರಬೇಕು. ಕೋಣೆಯ ಆಚೆ ಕಡೆ ಇಟ್ಟರೆ ಸುಮ್ನೆ ಅಲಂಕಾರಕ್ಕೆ ಆಗುತ್ತದೆ.

ಸ್ನೂಜ್ ಬಟನ್ ನೆತ್ತಿಯ ಮೇಲೇ ಇದೆ, ಕೈ ತಾಗಿದರೆ ಸಾಕು, 9 ನಿಮಿಷ ಸುಮ್ಮನಾಗುತ್ತದೆ. ಅದನ್ನು ಪೂರ್ತಿ ತೆಗೆಯುವ ಆಯ್ಕೆ ಕೊಡಬೇಕಿತ್ತು. ಹಕ್ಕಿ ಕೂಗು ಕೂಡ ಚೆನ್ನಾಗಿಲ್ಲ, ಅರ್ಧ ನಿಮಿಷಕ್ಕೊಮ್ಮೆ ಅದೇ ತುಣುಕು ತಿರುಗುತ್ತದೆ. ನಾನು ಬೀಪ್ ಇಟ್ಟುಕೊಂಡಿದ್ದೇನೆ.

ಮಕ್ಕಳಿಗೆ ಕೊಡಬಹುದಾ ಅಂತ ಕಚೇರಿಯಲ್ಲಿ ಕೇಳುತ್ತಾರೆ. ಮಗಳು ಪಿಯುಸಿ ಓದುವಾಗ ಪರೀಕ್ಷೆ ಮುಗಿಯುವವರೆಗೆ ಅವಳ ಕೋಣೆಯಲ್ಲೇ ಇಟ್ಟಿದ್ದೆ. ಅವಳಿಗೆ ಬೆಳಕೊಂದೇ ಸಾಕಾಗಲಿಲ್ಲ, ಸದ್ದೂ ಬೇಕಾಯಿತು. ಆ ವಯಸ್ಸಿನಲ್ಲಿ ಒಳಗಿನ ಗಡಿಯಾರವೇ ತಡವಾಗಿ ನಡೆಯುತ್ತದೆ, ನಿದ್ದೆಯೂ 8 ತಾಸಿಗಿಂತ ಜಾಸ್ತಿ ಬೇಕು. 4ಕ್ಕೆ ಎಬ್ಬಿಸಿ ಓದಲು ಕೂರಿಸುವ ಮನೆಗಳನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಅವಳಿಗೆ 6 ಇಟ್ಟಿದ್ದೆವು, ಅಷ್ಟೇ ಸಾಕಾಯಿತು.

ಎರಡು ವರ್ಷದಲ್ಲಿ ಅಡಾಪ್ಟರ್ ಒಮ್ಮೆ ಹೋಗಿದೆ. 5 ವೋಲ್ಟಿನದು, ಇಲ್ಲೇ ಮೊಬೈಲ್ ಅಂಗಡಿಯಲ್ಲಿ ಸಿಕ್ಕಿತು. ದೀಪದ ಬೆಳಕು ಕಡಿಮೆಯಾಗಿಲ್ಲ. ಕೊಳ್ಳುವ ಮನಸ್ಸಿದ್ದರೆ ದೀಪಾವಳಿ ಹೊತ್ತಿಗೆ ತಗೊಳ್ಳಿ. ಚಳಿಗಾಲ ಪೂರ್ತಿ ರೂಢಿ ಮಾಡಿಕೊಳ್ಳಲು ಸಮಯ ಸಿಗುತ್ತದೆ, ಏಪ್ರಿಲ್ ಬರುವಷ್ಟರಲ್ಲಿ 5ಕ್ಕೆ ಏಳುವುದಕ್ಕೂ ಮೈ ಒಗ್ಗಿರುತ್ತದೆ.