ಅಂಬಾಸಿಡರ್ 1.5 ಪೆಟ್ರೋಲ್: ಮೈಲೇಜಿನ ಲೆಕ್ಕ ಮ್ಯಾನಿಫೋಲ್ಡಿನಲ್ಲಿದೆ

1489 ಸಿಸಿ ಪೆಟ್ರೋಲ್ ಅಂಬಾಸಿಡರ್ ನಮ್ಮ ಮನೆಗೆ ಬಂದು ವರ್ಷಗಳೇ ಕಳೆದವು. ಅದರ ಹಿಂದಿನ ಸೀಟಿನ ಬಗ್ಗೆ, ಹಳ್ಳದಿಣ್ಣೆಗೆ ಅಂಜದ ಸಸ್ಪೆನ್ಷನ್ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ನಾನು ಹೇಳಹೊರಟಿರುವುದು ಬಾನೆಟ್ ಎತ್ತಿದರೂ ಯಾರೂ ತಿರುಗಿ ನೋಡದ ಇಂಟೇಕ್ ಮ್ಯಾನಿಫೋಲ್ಡ್ ಬಗ್ಗೆ, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಿಂದ ಆ ಮಿಶ್ರಣವನ್ನು ಸಿಲಿಂಡರುಗಳಿಗೆ ಒಯ್ಯುವ ಕೊಳವೆಯ ಬಗ್ಗೆ. ಮೈಲೇಜ್ ಇಳಿದರೆ ಎಲ್ಲರೂ ಕಾರ್ಬುರೇಟರಿಗೆ ಕೈ ಹಾಕುತ್ತಾರೆ. ಈ ಎಂಜಿನ್ನಿನಲ್ಲಿ ಮೊದಲು ನೋಡಬೇಕಾದದ್ದು ಅದರ ಪಕ್ಕದ ಆ ಎರಕದ ಕೊಳವೆಯನ್ನು.

ಎಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸರಣಿಯದು. ಸಿಲಿಂಡರ್ ನಾಲ್ಕಿದ್ದರೂ ಅವುಗಳ ಮೇಲೆ ಕೂರುವ ಹೆಡ್ಡಿನಲ್ಲಿ ಗಾಳಿ ಒಳಗೆ ಹೋಗುವ ಪೋರ್ಟ್ ಎರಡೇ: 1 ಮತ್ತು 2ಕ್ಕೆ ಸೇರಿ ಒಂದು, 3 ಮತ್ತು 4ಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2 ಆಗಿರುವುದರಿಂದ 2 ಎಳೆದುಕೊಂಡ ಬೆನ್ನಿಗೇ 1, 3ರ ಬೆನ್ನಿಗೇ 4 ಎಳೆಯುತ್ತದೆ. 2ರ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ 1ರ ವಾಲ್ವ್ ತೆರೆದುಕೊಂಡು ಅದೇ ಪೋರ್ಟಿನಿಂದ ಕಸಿಯತೊಡಗುತ್ತದೆ. ಒಂದೇ ತಟ್ಟೆಯಲ್ಲಿ ಉಣ್ಣಲು ಕೂತ ಅಣ್ಣತಮ್ಮಂದಿರ ಹಾಗೆ. ಆಮೇಲೆ ಸುಮಾರು ಒಂದು ಸುತ್ತು ಕ್ರ್ಯಾಂಕ್ ತಿರುಗುವವರೆಗೆ ಆ ಪೋರ್ಟಿಗೆ ಕೆಲಸವಿಲ್ಲ. ಕಾರ್ಬುರೇಟರಿನಿಂದ ಬಂದ ಪೆಟ್ರೋಲೂ ಅಷ್ಟೆ, ಸ್ವಲ್ಪ ಆವಿಯಾಗಿ ಹೋಗುತ್ತದೆ, ಸ್ವಲ್ಪ ಕೊಳವೆಯ ಗೋಡೆಗೆ ಅಂಟಿ ಹರಿಯುತ್ತದೆ. ಎಲ್ಲ ಸಿಲಿಂಡರಿಗೂ ಸಮಪಾಲು ಸಿಗುವುದಿಲ್ಲ. ಅತಿ ಕಡಿಮೆ ಸಿಗುವ ಸಿಲಿಂಡರ್ ಮಿಸ್ ಹೊಡೆಯದಂತೆ ಮಿಶ್ರಣ ಇಡಬೇಕಾಗುತ್ತದೆ, ಉಳಿದವು ಬೇಡದಿದ್ದರೂ ಕುಡಿಯುತ್ತವೆ. ಮೈಲೇಜ್ ಕೈತಪ್ಪುವುದು ಇಲ್ಲಿಯೇ.

ಒಂದು ಬೇಸಿಗೆಯಲ್ಲಿ ನಮ್ಮ ಗಾಡಿ ಲೀಟರಿಗೆ 8 ಕಿಲೋಮೀಟರಿಗೆ ಇಳಿಯಿತು, ಸ್ಲೋದಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ನಡುಗುತ್ತಿತ್ತು. ಒಂದು ಗ್ಯಾರೇಜಿನವರು ಮಿಶ್ರಣ ಗಟ್ಟಿ ಮಾಡಿ, ಅಂದರೆ ಪೆಟ್ರೋಲಿನ ಪಾಲು ಹೆಚ್ಚಿಸಿ, ನಡುಕ ನಿಲ್ಲಿಸಿ ಕಳಿಸಿದರು. ಪೆಟ್ರೋಲ್ ಖರ್ಚು ಇನ್ನಷ್ಟು ಏರಿತು. ಹಾಸನದ ಹಳೆಯ ಮೆಕ್ಯಾನಿಕ್ ಒಬ್ಬರು ಕಾರ್ಬುರೇಟರ್ ಮುಟ್ಟಲೇ ಇಲ್ಲ. ನಾಲ್ಕೂ ಪ್ಲಗ್ ಬಿಚ್ಚಿ ಫೆಂಡರಿನ ಮೇಲೆ ಸಾಲಾಗಿ ಇಟ್ಟರು. 1 ಮತ್ತು 2ರಲ್ಲಿ ಕಪ್ಪು ಮಸಿ. 3 ಮತ್ತು 4 ಬಿಳಿಚಿಕೊಂಡಿದ್ದವು, ಪೆಟ್ರೋಲ್ ಕಡಿಮೆ ಸಿಕ್ಕಿದ ಗುರುತು. "ಎರಡೂ ಒಟ್ಟಿಗೆ ಬಿಳಿಚಿವೆ ಎಂದರೆ ಹಿಂದಿನ ಪೋರ್ಟಿನಲ್ಲಿ ಗಾಳಿ ಹಿಡಿಯುತ್ತಿದೆ ಸರ್" ಎಂದರು. ಪ್ಲಗ್ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಹಿಂದಿನ ಜಾಯಿಂಟಿಗೆ ಎಣ್ಣೆ ಕ್ಯಾನಿನಿಂದ ನಾಲ್ಕು ತೊಟ್ಟು ಬಿಟ್ಟರು. ಎಣ್ಣೆ ಒಳಗೆ ಸೆಳೆದುಹೋಯಿತು, ಸಂದು ಮುಚ್ಚಿ ಒಂದು ಕ್ಷಣ ಎಂಜಿನ್ ಸದ್ದು ನೆಟ್ಟಗಾಯಿತು.

ಬಿಚ್ಚಿದಾಗ ಕಾರಣ ಸಿಕ್ಕಿತು. ಇಂಟೇಕ್ ಮತ್ತು ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕದಲ್ಲಿವೆ. ನಡುವಿನ ಸ್ಟಡ್‌ಗಳಲ್ಲಿ ಒಂದೇ ದಪ್ಪ ವಾಷರ್ ಎರಡರ ಅಂಚನ್ನೂ ಒತ್ತಿ ಹಿಡಿಯುತ್ತದೆ. ಒಂದರ ಅಂಚು ಕೂದಲೆಳೆಯಷ್ಟು ತೆಳುವಾಗಿದ್ದರೂ ವಾಷರ್ ಓರೆಯಾಗಿ ಕೂರುತ್ತದೆ, ನಟ್ ಎಷ್ಟು ಬಿಗಿದರೂ ಗಾಳಿ ಸೋರದಂತೆ ಜಾಯಿಂಟಿನಲ್ಲಿಡುವ ಪ್ಯಾಕಿಂಗ್ ಆ ಕಡೆ ಸಡಿಲವೇ. ಎರಡನ್ನೂ ಒಟ್ಟಿಗೆ ಮಷೀನ್ ಶಾಪಿಗೆ ಕೊಟ್ಟು ಮುಖ ಚಪ್ಪಟೆ ಮಾಡಿಸಿ, ಅಂಚಿನ ದಪ್ಪ ಸರಿಸಮ ಮಾಡಿಸಿದೆವು. ಮಿಶ್ರಣವನ್ನು ಮತ್ತೆ ತೆಳು ಮಾಡಿದ ಮೇಲೆ ಹೆದ್ದಾರಿಯಲ್ಲಿ 11ರ ಆಸುಪಾಸು ಕೊಡುತ್ತಿದೆ. ಈ ಎಂಜಿನ್ನಿನಿಂದ ಅದಕ್ಕಿಂತ ಹೆಚ್ಚು ಕೇಳುವುದು ಅತಿಯಾಸೆ.

ಹೊಗೆ ಸಲೀಸಾಗಿ ಹೊರಹೋಗುವ ಫ್ರೀ-ಫ್ಲೋ ಎಕ್ಸಾಸ್ಟ್ ಹಾಕಿಸಿ ಎನ್ನುವವರಿದ್ದಾರೆ. ನಾನು ಹಾಕಿಸಲಿಲ್ಲ. ಮೂಲ ಎಕ್ಸಾಸ್ಟ್ ಇಂಟೇಕಿನ ಹೊಟ್ಟೆಯನ್ನು ಬಿಸಿಯಾಗಿಡುತ್ತದೆ, ಗೋಡೆಗೆ ಅಂಟಿದ ಪೆಟ್ರೋಲ್ ಆವಿಯಾಗುವುದು ಆ ಶಾಖದಿಂದಲೇ. ಅದನ್ನು ತೆಗೆದರೆ ಚಳಿಗಾಲದ ಬೆಳಿಗ್ಗೆ, ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಅನ್ನು ಬೇಗ ಬಿಡಲು ಆಗುವುದಿಲ್ಲ. ಇದಿಷ್ಟೂ 1.5 ಪೆಟ್ರೋಲಿನ ಮಾತು. ತೊಂಬತ್ತರ ದಶಕದಲ್ಲಿ ಬಂದ 1.8 ಇಸುಜು ಎಂಜಿನ್ನಿನ ಕಥೆ ಬೇರೆ.

ಹಳೆಯ ಗಾಡಿ ಕೊಳ್ಳುವವರು ಟೆಸ್ಟ್ ಡ್ರೈವ್ ಆದ ಮೇಲೆ ಪ್ಲಗ್ ಬಿಚ್ಚಿಸಿ ಜೋಡಿಜೋಡಿಯಾಗಿ ನೋಡಿ. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದೆ. ಈಗ ಸಿಗುವ ಪ್ಯಾಕಿಂಗ್‌ಗಳಲ್ಲಿ ಕೆಲವುದರ ತೂತು ಪೋರ್ಟಿಗೆ ಸರಿಹೊಂದುವುದಿಲ್ಲ, ಹೆಡ್ಡಿಗೆ ಹಿಡಿದು ನೋಡಿಯೇ ಹಾಕಿಸಿ. ಹಾಕಿಸಿದ ಮೇಲೆ ಎಂಜಿನ್ ಒಮ್ಮೆ ಚೆನ್ನಾಗಿ ಕಾದು ಆರಿದಾಗ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.