ಉಪ್ಪುಮೂಟೆಗೆ 4.6 ಮೀಟರ್ ಬಟ್ಟೆ: ನೇಯ್ದ ರ‍್ಯಾಪ್, 14 ತಿಂಗಳ ಬಳಕೆಯ ನಂತರ

ರ‍್ಯಾಪ್ ಅಂದರೆ ಮಗುವನ್ನು ಮೈಗೆ ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆ. ನಮ್ಮದು ಅಪ್ಪಟ ಹತ್ತಿಯದು. 4.6 ಮೀಟರ್ ಉದ್ದ (ಸೈಜ್ 6), 70 ಸೆಂ.ಮೀ. ಅಗಲ, 220 ಜಿಎಸ್‌ಎಂ (ಚದರ ಮೀಟರಿಗೆ 220 ಗ್ರಾಂ); ಒಟ್ಟು ತೂಕ ಸುಮಾರು 700 ಗ್ರಾಂ. ಮಗು 7 ಕೆಜಿ ಇದ್ದಾಗ ಶುರು, ಈಗ 11 ಕೆಜಿ.

"ಹಳೇ ಕಾಟನ್ ಸೀರೆ ಸಾಲದಾ?" ಅಂತ ಮನೆಯ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸೀರೆಯದು ತೆಳು ಸಾದಾ ನೇಯ್ಗೆ. ಹೆಗಲಿಗೆ ಹಗ್ಗದಂತೆ ಕೊರೆಯುತ್ತದೆ, ಸವೆದ ಕಡೆ ಹರಿಯುವ ಭಯ ಬೇರೆ. ರ‍್ಯಾಪ್‌ನದು ಟ್ವಿಲ್ ನೇಯ್ಗೆ, ಜೀನ್ಸಿನಂತೆ ಓರೆ ಗೆರೆಯದು. ಉದ್ದಕ್ಕೂ ಅಗಲಕ್ಕೂ ಎಳೆದರೆ ಜಗ್ಗದು, ಓರೆಯಾಗಿ ಎಳೆದರೆ ಕೊಂಚ ಹಿಗ್ಗುತ್ತದೆ. ಮಗುವಿನ ಬೆನ್ನಿನ ಆಕಾರಕ್ಕೆ ಅದು ಕೂರುವುದು ಈ ಗುಣದಿಂದ.

ಕತ್ತು ಗಟ್ಟಿಯಾಗಿ, ಮಗು ತಾನಾಗಿ ಕೂರತೊಡಗಿದ ಮೇಲೆಯೇ ಬೆನ್ನಿಗೆ ಕಟ್ಟಬೇಕು. ಸಾಮಾನ್ಯವಾಗಿ 6–7 ತಿಂಗಳಿಗೆ. ಮೊದಲ ಹತ್ತು ಸಲ ಹಾಸಿಗೆಯ ಅಂಚಿನಲ್ಲಿ, ಕನ್ನಡಿಯ ಮುಂದೆ, ಹಿಂದೊಬ್ಬರನ್ನು ನಿಲ್ಲಿಸಿಕೊಂಡು ಕಟ್ಟಿ.

ಸುಲಭವಾದ ಕಟ್ಟು, ಬೆನ್ನಚೀಲದಂತೆ ಎರಡೂ ಹೆಗಲಿಗೆ ಬರುವ ರಕ್‌ಸ್ಯಾಕ್. ಬಟ್ಟೆಯ ನಡುಗುರುತು ಮಗುವಿನ ಬೆನ್ನ ನಡುವೆ, ಮೇಲಂಚು ಕುತ್ತಿಗೆಯ ಬುಡಕ್ಕೆ ಬರಲಿ. ಮಗುವನ್ನು ಸೊಂಟದಿಂದ ಬೆನ್ನಿಗೆ ಜಾರಿಸಿ, ಮುಂದಕ್ಕೆ ಬಾಗಿ, ಎರಡೂ ತುದಿಗಳನ್ನು ಹೆಗಲ ಮೇಲಿಂದ ಮುಂದೆ ತಂದು ನಿಮ್ಮ ಮಂಡಿಗಳ ನಡುವೆ ಒತ್ತಿ ಹಿಡಿಯಿರಿ. ಇನ್ನು ಸೀಟು ಮಾಡಬೇಕು, ಇಡೀ ಕಟ್ಟಿನ ಜೀವ ಇಲ್ಲಿದೆ. ಕೆಳಂಚನ್ನು ಮಗುವಿನ ಕುಂಡೆಯ ಕೆಳಗಿನಿಂದ ತೂರಿಸಿ, ಅದರ ಹೊಟ್ಟೆಗೂ ನಿಮ್ಮ ಬೆನ್ನಿಗೂ ನಡುವೆ ಹೊಕ್ಕುಳದವರೆಗೆ ಎಳೆಯಿರಿ. ಮಗುವಿನ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಬಟ್ಟೆ ಇರಬೇಕು, ಮಂಡಿಗಳು ಕುಂಡೆಗಿಂತ ಮೇಲಿರಬೇಕು. ಈ ಮಡಿಕೆ ಕಡಿಮೆಯಾದರೆ, ಮಗು ಕಾಲು ಸೆಟೆಸಿ ಒದ್ದ ಕೂಡಲೇ ಸೀಟು ಹೊರಗೆ ಬರುತ್ತದೆ. ಎಷ್ಟೇ ಬಿಗಿ ಗಂಟು ಹಾಕಿದರೂ ಆಗ ಪ್ರಯೋಜನವಿಲ್ಲ. ಬಿಚ್ಚಿ ಮತ್ತೆ ಕಟ್ಟಬೇಕು.

ಬಿಗಿ ಮಾಡುವಾಗ ತುದಿಯನ್ನು ಒಟ್ಟಿಗೆ ಜಗ್ಗಬೇಡಿ. ಸೀರೆಯ ನೆರಿಗೆ ಹಿಡಿದಂತೆ ಮೇಲಂಚಿನಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಎಳೆಯಿರಿ. ಮೇಲಂಚು ಸಡಿಲವಾದರೆ ಮಗು ಹಿಂದಕ್ಕೆ ವಾಲುತ್ತದೆ, ಭಾರ ದುಪ್ಪಟ್ಟು ಅನ್ನಿಸುತ್ತದೆ. ನಂತರ ತುದಿಗಳನ್ನು ಕಂಕುಳ ಕೆಳಗಿನಿಂದ ಹಿಂದಕ್ಕೆ ಒಯ್ದು, ಮಗುವಿನ ತೊಡೆಗಳ ಮೇಲೆ ಹಾಯಿಸಿ, ಕುಂಡೆಯ ಕೆಳಗೆ ಅಡ್ಡಹಾಯಿಸಿ, ಎದುರು ಕಾಲಿನ ಕೆಳಗಿನಿಂದ ಮುಂದೆ ತಂದು ಸೊಂಟದಲ್ಲಿ ಜೋಡಿ ಗಂಟು. ನಿದ್ದೆ ಬಂದಾಗ ಗಲ್ಲ ಎದೆಗೆ ಒತ್ತಿರಬಾರದು, ಮೂಗಿಗೆ ಬಟ್ಟೆ ಅಡ್ಡ ಬರಬಾರದು. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಆಗಾಗ ನೋಡಿ.

ಬೆನ್ನಿಗಷ್ಟೇ ಬೇಕಿದ್ದರೆ ಸೈಜ್ 4, ಅಂದರೆ 3.6 ಮೀಟರ್, ಹೆಚ್ಚಿನವರಿಗೆ ಸಾಕು. ಉದ್ದನೆಯದರ ತುದಿ ಫುಟ್‌ಪಾತಿನ ಕೆಸರು ಗುಡಿಸುತ್ತದೆ. ಆದರೂ 4.6 ಮೀಟರೇ ಸರಿ ಅನ್ನಿಸಿದ್ದು ಮೆಟ್ರೊದಿಂದಾಗಿ: ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ಹಿಂದಿನವರ ಬ್ಯಾಗು ಮಗುವಿಗೆ ಬಡಿದರೆ ನಮಗೆ ಕಾಣದು, ಅಲ್ಲಿ ಎದೆಗೆ ಕಟ್ಟಬೇಕು, ಅದಕ್ಕೆ ಉದ್ದ ಬೇಕು. ಲಾಲ್‌ಬಾಗಿನ ಬೆಳಗಿನ ಸುತ್ತಿಗೆ ಬೆನ್ನೇ ಚೆನ್ನ. ಒಲೆಯ ಮುಂದೆ ಖಂಡಿತ ಬೇಡ, ಪುಟ್ಟ ಕೈಗಳು ಹೆಗಲ ಮೇಲಿಂದ ಚಾಚುತ್ತವೆ. ಸ್ಕೂಟರಿನಲ್ಲೂ ಬೇಡ. 2022ರ ನಿಯಮದ ಪ್ರಕಾರ 4 ವರ್ಷದೊಳಗಿನ ಮಕ್ಕಳಿಗೆ ದ್ವಿಚಕ್ರ ವಾಹನದಲ್ಲಿ ಸುರಕ್ಷತಾ ಹಾರ್ನೆಸ್ ಬೇಕು, ರ‍್ಯಾಪ್ ಅದಲ್ಲ.

ಏಪ್ರಿಲ್ ಸೆಕೆಗೆ ಈ ದಪ್ಪವೇ ಗರಿಷ್ಠ. ಮಗು 10 ಕೆಜಿ ದಾಟಿದ ಮೇಲೆ ಒಂದೇ ಪದರದ ರಕ್‌ಸ್ಯಾಕ್ ಅರ್ಧ ಗಂಟೆಗೆ ಹೆಗಲು ಕಚ್ಚುತ್ತದೆ. ಆಗ ತುದಿಗಳನ್ನು ಹೆಗಲ ಪಟ್ಟಿಯೊಳಗೆ ತೂರಿಸಿ ಎದೆಯ ಮೇಲೆ ಕಟ್ಟುವ ಟಿಬೆಟನ್ ಗಂಟು ಭಾರ ಹಂಚುತ್ತದೆ.

ಹೊಸತರಲ್ಲಿ ಬಟ್ಟೆ ಬಿರುಸು. ಒಗೆದು, ಇಸ್ತ್ರಿ ಹಾಕಿ, ಜಡೆ ಹೆಣೆದಿಟ್ಟರೆ ಬೇಗ ಪಳಗುತ್ತದೆ. ಬಳೆಗೆ ಸಿಕ್ಕಿ ಎಳೆ ಹೊರಬಂದರೆ ಅಕ್ಕಪಕ್ಕದ ನೇಯ್ಗೆಯನ್ನು ಬೆರಳಿನಿಂದ ಓರೆಯಾಗಿ ಜಗ್ಗಿ ಒಳಸೇರಿಸಿ. ಕತ್ತರಿ ಹಾಕಿದರೆ ಅಲ್ಲಿಂದಲೇ ತೂತು ಶುರು.